ಫ್ರಿಜ್ಜಿಗೆ ಎಣ್ಣೆ ಯಾರು ಹಾಕಬೇಕು?

ಕಡಬ
14 ಜೂನ್ 1987

ಮೆಹರೂ,

ಚೆನ್ನಾಗಿದ್ದೀಯಾ ಅಂತ ಕೇಳುವುದಿಲ್ಲ. ಚೆನ್ನಾಗಿಲ್ಲದಿದ್ದರೆ ನಿಮ್ಮಮ್ಮ ಹಜರಾ ಬೀ ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ನಿಲ್ಲಿಸಿಕೊಂಡು ಬಸ್ ತಪ್ಪುವವರೆಗೂ ಹೇಳುತ್ತಿದ್ದರು. ಮೊನ್ನೆ ಸಿಕ್ಕಾಗ ಹೇಳಿದ್ದು ಒಂದೇ ಮಾತು. "ಆ ಡ್ಯಾಮ್ ಹತ್ರ ಗಾಳಿ ಜಾಸ್ತಿ, ಕಿವೀಗೆ ಹತ್ತಿ ಇಟ್ಕೊಳ್ಳೋಕೆ ಹೇಳಮ್ಮ ಮೆಹರ್‌ಗೆ." ಹೇಳಿದ್ದೇನೆ. ಇಟ್ಟುಕೋ.

ನನಗೆ ಮೈಯೆಲ್ಲ ಉರಿಯುತ್ತಿದೆ ಕಣೇ. ತುಮಕೂರಿನ ನರ್ಸ್ ಟ್ರೈನಿಂಗ್ ಹಾಸ್ಟೆಲ್ಲಿನಲ್ಲಿ ಒಂದೇ ರೂಮಿನಲ್ಲಿ ಇದ್ದಾಗಿನಿಂದ ನನ್ನ ಕೂಗಾಟ ಕೇಳಿ ಅಭ್ಯಾಸ ಇರುವವಳು ನೀನೊಬ್ಬಳೇ, ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಹೋದ ವರ್ಷ ನಮ್ಮ ಆಸ್ಪತ್ರೆಗೆ ಲಸಿಕೆ ಇಡಲು ಸೀಮೆಎಣ್ಣೆ ಫ್ರಿಜ್ ಬಂತಲ್ಲ, ಹೊರದೇಶದವರು ದಾನವಾಗಿ ಕೊಟ್ಟಿದ್ದು? ಕೆಳಗೆ ಬತ್ತಿ ಹಚ್ಚಿದರೆ ಮೇಲೆ ಐಸ್ ಕಟ್ಟುತ್ತದೆ ಅಂದಾಗ ಊರಿನವರು ನನಗೆ ತಲೆ ಕೆಟ್ಟಿದೆ ಅಂದಿದ್ದರು. ಅದರ ಜೊತೆಗೆ ಒಂದು ವರ್ಷದ ಎಣ್ಣೆಯ ದುಡ್ಡನ್ನೂ ಅವರೇ ಕೊಟ್ಟಿದ್ದರು. ಆಮೇಲಿನದು ನಮ್ಮ ಸರ್ಕಾರದ ಪಾಲು ಅಂತ ಒಪ್ಪಂದ. ವರ್ಷ ಆಯಿತು, ಎಣ್ಣೆ ನಿಂತಿತು.

ತುಮಕೂರಿನ ದೊಡ್ಡಾಫೀಸಿಗೆ ಹೋದೆ. ಸೂಪರಿಂಟೆಂಡೆಂಟ್ ಶಿವರಾಮಯ್ಯನವರು ಕಾಫಿ ಕುಡಿಯುತ್ತಾ, "ಎಣ್ಣೆಗೆ ಹೆಡ್ ಇಲ್ಲಮ್ಮ" ಅಂದರು.

"ಹೆಡ್ ಅಂದ್ರೆ ಏನು ಸಾರ್?"

"ಯಾವ ಬಾಬ್ತಿನಿಂದ ದುಡ್ಡು ತೆಗೀಬೇಕು ಅನ್ನೋದು. ಫ್ರಿಜ್ ಒಂದ್ಸಲ ಕೊಡೋದು. ಎಣ್ಣೆ ಹಂಗಲ್ಲ, ದಿನಾ ಬೇಕು. ಫೈಲು ಬೆಂಗಳೂರಲ್ಲೈತೆ."

"ನಿಮ್ಮ ಸಾಹೇಬ್ರ ಜೀಪು ದಿನಾ ಏನು ಕುಡೀತದೆ ಸಾರ್, ನೀರಾ?" ಅಂದೆ. ಪಕ್ಕದ ಟೇಬಲ್ಲಿನವನು ನಕ್ಕ. ಶಿವರಾಮಯ್ಯನವರಿಗೆ ನಗು ಬರಲಿಲ್ಲ.

ಮಕ್ಕಳ ಲಸಿಕೆ ಅಂದರೆ ಏನು ಅಂದುಕೊಂಡಿದ್ದಾರೆ ಇವರು? ಒಂದು ದಿನ ಬೆಚ್ಚಗಾದರೆ ಬಚ್ಚಲಿಗೆ ಸುರಿಯಬೇಕು. ನಮ್ಮ ಡಾಕ್ಟರ್ ಗುರುಸಿದ್ದಯ್ಯನವರು ಒಂದು ಸಲ ಎಣ್ಣೆಗೆ ಜೇಬಿನಿಂದ ಹಾಕಿದರು, ನಾನು ಎರಡು ಸಲ ಹಾಕಿದೆ. ಆಮೇಲೆ?

ಆಮೇಲೆ ಆಗಿದ್ದನ್ನು ಕೇಳು. ನಿಂಗಮ್ಮಜ್ಜಿಯ ಮರಿಮಗನ ತೊಟ್ಟಿಲು ಶಾಸ್ತ್ರಕ್ಕೆ ಹೋಗಿದ್ದೆ. ಬರಿಗೈಯಲ್ಲಿ ಮಗು ನೋಡಬಾರದು ಅಂತ ಬಂದವರೆಲ್ಲ ಅದರ ಮುಷ್ಟಿ ಬಿಡಿಸಿ ಕಾಸು ಇಡುತ್ತಿದ್ದರು. ಅಜ್ಜಿ ಅದನ್ನೆಲ್ಲ ಸೆರಗಿಗೆ ಹಾಕಿಕೊಳ್ಳುತ್ತಿದ್ದವಳು ನನ್ನ ಮುಖ ನೋಡಿ, "ಯಾಕವ್ವ ನರ್ಸಮ್ಮ, ಹುಳ್ಳಗಿದೀಯ?" ಅಂದಳು. ಹೇಳಿದೆ. ಸೆರಗಿನಿಂದ ಅರ್ಧ ಎಣಿಸಿ ನನ್ನ ಕೈಗೆ ಸುರಿದಳು. "ತಗ ಬುಡು. ಇದ್ರಲ್ಲಿ ಗೆಜ್ಜೆ ಮಾಡಿಸ್ಬೇಕು ಅಂತಿದ್ದೆ. ಗೆಜ್ಜೆ ಆಮ್ಯಾಕೆ ಮಾಡ್ಸಾನ, ಮೊದ್ಲು ಕಾಲು ನೆಟ್ಟಗಿರ್ಲಿ." ಅವಳ ಎದುರು ಮನೆಯಲ್ಲಿ ಪೋಲಿಯೋ ಆಗಿ ಕುಂಟುವ ಹುಡುಗ ಇದ್ದಾನೆ.

ಈಗ ಕಡಬದಲ್ಲಿ ಯಾವ ತೊಟ್ಟಿಲು ಕಟ್ಟಿದರೂ ಮುಷ್ಟಿಯ ಕಾಸಿನಲ್ಲಿ ಅರ್ಧ ನನ್ನ ಹಾರ್ಲಿಕ್ಸ್ ಡಬ್ಬಕ್ಕೆ. ಫ್ರಿಜ್ಜಿನ ಬತ್ತಿ ನೀಲಿಯಾಗಿ ಉರಿಯುತ್ತಿದೆ. ಹೇಗೆ?

ನಿನ್ನ
ಪುಟ್ಟಗಂಗು


ಮಾರ್ಕೋನಹಳ್ಳಿ
5 ಜುಲೈ 1987

ಗಂಗೂ,

ಹತ್ತಿ ಇಟ್ಟುಕೊಂಡೇ ಓದಿದೆ. ಆದರೂ ನಿನ್ನ ಕೂಗಾಟ ಕೇಳಿಸಿತು.

ಅಜ್ಜಿಗೆ ನನ್ನ ಸಲಾಂ ಹೇಳು. ಆದರೆ ಈ ಡಬ್ಬದ ವಿಷಯ ಯಾರ ಹತ್ತಿರವೂ ಬಾಯಿ ಬಿಡಬೇಡ. ನಿನಗೆ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಪುಕ್ಕಟೆ ಲಸಿಕೆಗೆ ಜನರಿಂದ ದುಡ್ಡು ವಸೂಲಿ ಮಾಡಿದಳು ಅಂತ ಸಸ್ಪೆಂಡ್ ಮಾಡುತ್ತಾರೆ. ನನಗೆ ಇರುವ ಭಯ ಅದೊಂದೇ.

ನಮ್ಮ ಫ್ರಿಜ್ ಹೋದ ಅಕ್ಟೋಬರಿನಲ್ಲಿ ಬಂದದ್ದು, ಹಾಗಾಗಿ ಈ ಅಕ್ಟೋಬರಿನವರೆಗೆ ಹೊರಗಿನವರ ಎಣ್ಣೆ ಇದೆ. ಅಷ್ಟರಲ್ಲಿ ನಿನ್ನ ಫೈಲು ಬೆಂಗಳೂರಿನಿಂದ ಇಳಿದರೆ ನಾನೂ ಬಚಾವು. ಇಲ್ಲಿ ಡಾಕ್ಟರ ಕುರ್ಚಿ ಖಾಲಿ, ನಾನು ಮತ್ತು ಜವಾನ ಸಿದ್ದಯ್ಯ ಇಬ್ಬರೇ. ಕಾಲುವೆ ರಿಪೇರಿಗೆ ಪಾವಗಡದ ಕಡೆಯಿಂದ ಜನ ಬಂದಿದ್ದಾರೆ, ಡ್ಯಾಮಿನ ಕೆಳಗೆ ಗುಡಿಸಲು ಹಾಕಿಕೊಂಡಿದ್ದಾರೆ. ಮರಿಯಮ್ಮ ಅಂತ ಒಬ್ಬಳಿದ್ದಾಳೆ, ಕಲ್ಲು ಹೊರುವವಳು. ಸಂಕ್ರಾಂತಿಯಲ್ಲಿ ಹುಟ್ಟಿದ ಮಗಳು ಅವಳಿಗೆ. ಮೊದಲ ಸೂಜಿ ಹಾಕಿದಾಗ ಮಗುವಿಗಿಂತ ಇವಳೇ ಜೋರಾಗಿ ಅತ್ತಳು. ಮೂರನೆಯದಕ್ಕೆ ತಾನೇ ನೆನಪಿಟ್ಟುಕೊಂಡು ಬಂದಳು. ದಡಾರದ ಸೂಜಿ ಒಂಬತ್ತು ತಿಂಗಳು ತುಂಬಿದ ಮೇಲೆ, ಅಕ್ಟೋಬರ್ ಕೊನೆಗೆ ಬಾ ಅಂದಿದ್ದೇನೆ.

ಬಾಯಿ ಮುಚ್ಚಿಕೊಂಡಿರು.

ಮೆಹರ್


ಕಡಬ
22 ಸೆಪ್ಟೆಂಬರ್ 1987

ಮೆಹರೂ,

ಸಸ್ಪೆಂಡ್ ಮಾಡುತ್ತಾರೆ ಅಂದೆಯಲ್ಲ? ಹಾರ ಹಾಕಿದರು ಕಣೇ! ಗಂಧದ ಹಾರ!

ನಾನು ಬಾಯಿ ಬಿಡಲಿಲ್ಲ, ಅಲ್ಲಾ ಮೇಲೆ ಆಣೆ, ನಿನ್ನ ಅಲ್ಲಾ ಮೇಲೇ. ಗುರುಸಿದ್ದಯ್ಯನವರೇ ಹೆಮ್ಮೆಯಿಂದ ಮೂರು ತಿಂಗಳ ವರದಿಯಲ್ಲಿ ಬರೆದುಬಿಟ್ಟರು. ಓದಿದ ದೊಡ್ಡ ಸಾಹೇಬರು ಕುಣಿದರಂತೆ. ತುಮಕೂರಿನಲ್ಲಿ ಎಲ್ಲ ತಾಲ್ಲೂಕಿನ ಡಾಕ್ಟರುಗಳ ಸಭೆ. ನನ್ನನ್ನು ಸ್ಟೇಜಿಗೆ ಕರೆದರು. ಅದೇ ಶಿವರಾಮಯ್ಯನವರು ಕುರ್ಚಿ ತಂದು ಹಾಕಿದರು, ನನಗೆ! "ಕಡಬದ ಜನ ಇಡೀ ರಾಜ್ಯಕ್ಕೇ ದಾರಿ ತೋರಿಸಿದ್ದಾರೆ" ಅಂತ ಸಾಹೇಬರು ಹೇಳಿದರು. ಆಮೇಲೆ ಮೈಕು ನನ್ನ ಕೈಗೆ ಕೊಟ್ಟರು.

ನಿನಗೆ ಗೊತ್ತಲ್ಲ, ಮೈಕು ಸಿಕ್ಕಿದರೆ ನಾನು. ತೊಟ್ಟಿಲಿನ ಕಥೆ ಹೇಳಿದೆ, ಅಜ್ಜಿಯ ಗೆಜ್ಜೆಯ ಮಾತು ಹೇಳಿದೆ, ಎಲ್ಲರೂ ನಕ್ಕರು. ಜೋಶಿನಲ್ಲಿ, "ನಮ್ಮ ಮಕ್ಕಳ ಫ್ರಿಜ್ಜಿಗೆ ಸರ್ಕಾರದ ಒಂದು ಪೈಸೆಯೂ ಬೇಕಾಗಿಲ್ಲ, ನಾವೇ ನೋಡಿಕೊಳ್ತೀವಿ" ಅಂದೆ. ಶಿವರಾಮಯ್ಯನವರ ಮುಖಕ್ಕೆ ಹೊಡೆದ ಹಾಗೆ ಹೇಳಬೇಕು ಅನ್ನಿಸಿತು, ಹೇಳಿದೆ. ಎಷ್ಟು ಚಪ್ಪಾಳೆ ಅಂತೀಯಾ! ಅವರೂ ತಟ್ಟಿದರು.

ಹಾರವನ್ನು ಅಜ್ಜಿಯ ಗೋಡೆಗೆ ನೇತುಹಾಕಿ ಬಂದೆ. ಇಷ್ಟು ವರ್ಷ ಸೈಕಲ್ ತುಳಿದದ್ದಕ್ಕೆ ಒಂದು ದಿನವಾದರೂ ಯಾರೋ ಕಂಡರು ಅನ್ನಿಸಿ ಬಸ್ಸಿನಲ್ಲಿ ಅತ್ತೆ. ನಗಬೇಡ.

ನಿನ್ನ
ಗಂಧದ ಹಾರದ ಗಂಗು


ಮಾರ್ಕೋನಹಳ್ಳಿ
20 ನವೆಂಬರ್ 1987

ಪುಟ್ಟಗಂಗಮ್ಮನವರಿಗೆ,

ನಮಗೆ ಬಂದ ಸುತ್ತೋಲೆಯ ಎರಡು ಸಾಲು ನಕಲು ಮಾಡಿ ಕಳಿಸುತ್ತಿದ್ದೇನೆ.

"ಕಡಬದಲ್ಲಿ ಸ್ಥಳೀಯ ಜನರೇ ಸ್ವಯಂಪ್ರೇರಿತರಾಗಿ ಶೀತಕ ಯಂತ್ರದ ಇಂಧನ ವೆಚ್ಚವನ್ನು ಭರಿಸುತ್ತಿದ್ದು, ಸರ್ಕಾರದ ಸಹಾಯ ಅಗತ್ಯವಿಲ್ಲವೆಂದು ಅಲ್ಲಿನ ಸಿಬ್ಬಂದಿಯೇ ಸಭೆಯಲ್ಲಿ ತಿಳಿಸಿರುತ್ತಾರೆ. ಆದ್ದರಿಂದ ಉಳಿದ ಕೇಂದ್ರಗಳೂ ಸದರಿ ಮಾದರಿಯನ್ನು ಅನುಸರಿಸತಕ್ಕದ್ದು. ಇಂಧನಕ್ಕೆ ಪ್ರತ್ಯೇಕ ಅನುದಾನ ಕೋರಿದ ಪ್ರಸ್ತಾವನೆಯನ್ನು ಮುಕ್ತಾಯಗೊಳಿಸಲಾಗಿದೆ."

ಅಲ್ಲಿನ ಸಿಬ್ಬಂದಿ ಅಂದರೆ ನೀನು.

ಅಕ್ಟೋಬರ್ ಕೊನೆಗೆ ನನ್ನ ಎಣ್ಣೆ ಮುಗಿಯಿತು. ನೀನು ಮಾಡಿದ್ದನ್ನು ನಾನೂ ಮಾಡಿ ನೋಡಿದೆ ಗಂಗೂ. ಗುಡಿಸಲಿನಲ್ಲಿ ಒಂದು ಹೆರಿಗೆ ಆಗಿತ್ತು, ಹೋದೆ. ಮಗುವಿನ ಮುಷ್ಟಿಗೆ ಕಾಸು ಇಡಲು ಯಾರು ಬರಬೇಕು? ನಂಟರೆಲ್ಲ ಪಾವಗಡದಲ್ಲಿ. ಅಕ್ಕಪಕ್ಕದವರು ಬೆಳಿಗ್ಗೆ ಎದ್ದು ಕಲ್ಲಿಗೆ ಹೋಗಿದ್ದರು. ಬಾಣಂತಿಯ ಹತ್ತಿರ ಒಂದು ಮುದುಕಿ ಕೂತಿತ್ತು, ಅದು ನನಗೇ ಒಂದು ತುಂಡು ಬೆಲ್ಲ ಕೊಟ್ಟಿತು. ಅದನ್ನು ಯಾವ ಡಬ್ಬಕ್ಕೆ ಹಾಕಲಿ? ನಿನ್ನ ಕಡಬದಲ್ಲಿ ತೆಂಗಿನ ತೋಟದವರು ಇದ್ದಾರೆ, ಕೆರೆ ಇದೆ, ನಾಲ್ಕು ಜನ ನಂಟರು ಬಂದು ಹೋಗುವ ಮನೆಗಳಿವೆ. ಅವೆಲ್ಲ ಎಲ್ಲ ಕಡೆ ಇವೆ ಅಂತ ಮೈಕಿನಲ್ಲಿ ಹೇಳುವ ಮೊದಲು ಒಂದು ಸಲ ನನ್ನನ್ನು ಕೇಳಬಹುದಿತ್ತು.

ಫ್ರಿಜ್ ಈಗ ಬೀರು. ಸಿದ್ದಯ್ಯ ಅದರಲ್ಲಿ ಹತ್ತಿ ಬಟ್ಟೆ ಇಡುತ್ತಾನೆ. ಗುರುವಾರ ಕುಣಿಗಲ್ಲಿಗೆ ಹೋಗಿ ಥರ್ಮಾಸ್ ಫ್ಲಾಸ್ಕಿನಲ್ಲಿ ಐಸ್ ಹಾಕಿಸಿಕೊಂಡು ಲಸಿಕೆ ತರುತ್ತೇನೆ. ಲಸಿಕೆ ಹೊತ್ತು ತರುವ ತಣ್ಣನೆ ಪೆಟ್ಟಿಗೆಯ ಮುಚ್ಚಳ ಒಡೆದಿದೆ, ಅದಕ್ಕೂ ಹೆಡ್ ಇಲ್ಲವಂತೆ. ಹೋದ ವಾರ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಬಂದು ತೆಗೆದರೆ ಐಸ್ ನೀರಾಗಿ ನೀರು ಬೆಚ್ಚಗಾಗಿತ್ತು. ಮರಿಯಮ್ಮ ಬಾಗಿಲಲ್ಲಿ ಕಾದು ಕೂತಿದ್ದಳು, ಒಂದು ದಿನದ ಕೂಲಿ ಬಿಟ್ಟು. "ತಣ್ಣಗಿಲ್ಲಮ್ಮ, ಹಾಕಿದ್ರೂ ಉಪಯೋಗ ಇಲ್ಲ, ಮುಂದಿನ ವಾರ ಬಾ" ಅಂತ ಕಳಿಸಿದೆ.

ಮೆಹರ್ ಬಾನು


ಕಡಬ
6 ಡಿಸೆಂಬರ್ 1987

ಮೆಹರ್,

ಪುಟ್ಟಗಂಗಮ್ಮನವರಂತೆ! ಬಹುವಚನ ಬೇರೆ! ನಾನೇನು ನಿನ್ನ ಮನೆಗೆ ಬೆಂಕಿ ಇಟ್ಟೆನಾ?

ಸುತ್ತೋಲೆ ಬರೆದವಳು ನಾನಲ್ಲ. ಫೈಲು ಮುಚ್ಚಿದವಳು ನಾನಲ್ಲ. ಸರ್ಕಾರ ಎಣ್ಣೆ ಕೊಡಲಿಲ್ಲ ಅಂತ ನನ್ನೂರಿನ ಮಕ್ಕಳನ್ನು ಹಾಗೇ ಬಿಡಬೇಕಿತ್ತಾ? ಜನ ಒಂದು ಒಳ್ಳೆ ಕೆಲಸ ಮಾಡಿದರೆ ಅದನ್ನೇ ಹಿಡಿದುಕೊಂಡು ಕತ್ತು ಹಿಸುಕುತ್ತಾರೆ ಅಂತ ನನಗೆ ಕನಸು ಬಿದ್ದಿತ್ತಾ? ಮೈಕಿನಲ್ಲಿ ಒಂದು ಮಾತು ಜಾಸ್ತಿ ಆಡಿದೆ, ಆಡಿದೆ. ಅದಕ್ಕೆ ನೀನು ನನ್ನನ್ನು ಅವರ ಸಾಲಿನಲ್ಲಿ ಕೂರಿಸುತ್ತೀಯಾ? ಇಪ್ಪತ್ತು ವರ್ಷದ ಗೆಳತಿ ಕಣೇ ನಾನು.

ನಿನಗೂ ಸ್ವಲ್ಪ ಹಟ ಜಾಸ್ತಿ. ಕಾಲುವೆ ಕೆಲಸದ ಕಂಟ್ರಾಕ್ಟರನ್ನು ಕೇಳು. ಊರ ಗೌಡರನ್ನು ಕೇಳು. ನಾಲ್ಕು ಮನೆ ಮುಂದೆ ನಿಂತುಕೊಳ್ಳಲು ನಾಚಿಕೆ ಪಟ್ಟರೆ ಆಗುತ್ತದಾ? ನಾನು ನಿಂತಿಲ್ಲವಾ?

ನನ್ನ ಡಬ್ಬದಿಂದ ಸ್ವಲ್ಪ ದುಡ್ಡು ನಿಮ್ಮಮ್ಮನ ಕೈಯಲ್ಲಿ ಕೊಟ್ಟಿದ್ದೇನೆ. ಒಂದು ತಿಂಗಳ ಎಣ್ಣೆಗೆ ಆಗುತ್ತದೆ. ಸಿಟ್ಟು ಬಿಟ್ಟು ತೆಗೆದುಕೋ.

ಗಂಗು


ಮಾರ್ಕೋನಹಳ್ಳಿ
2 ಫೆಬ್ರವರಿ 1988

ಗಂಗೂ,

ನಿನ್ನ ದುಡ್ಡು ಅಮ್ಮನ ಕೈಯಲ್ಲೇ ವಾಪಸ್ ಬರುತ್ತದೆ. ಕಡಬದ ಮಕ್ಕಳ ಮುಷ್ಟಿಯ ಕಾಸು ಅದು, ನನಗೆ ಬೇಡ.

ಕಂಟ್ರಾಕ್ಟರನ್ನು ಕೇಳಿದೆ. "ಕೂಲಿಯಿಂದ ಹಿಡ್ಕೊಂಡು ಕೊಡ್ತೀನಿ" ಅಂದ. ಬೇಡಪ್ಪಾ ಅಂದೆ.

ಜನವರಿ ಮೊದಲಲ್ಲಿ ಗುಡಿಸಲುಗಳಲ್ಲಿ ದಡಾರ ಎದ್ದಿತು. ಮರಿಯಮ್ಮನ ಮಗು ಹೋಯಿತು. ದಡಾರ ಇಳಿದ ಮೇಲೆ ಎದೆ ಕಟ್ಟಿ, ಕುಣಿಗಲ್ ಆಸ್ಪತ್ರೆಗೆ ಗಾಡಿಯಲ್ಲಿ ಕರೆದುಕೊಂಡು ಹೋಗುವಾಗ ದಾರಿಯಲ್ಲೇ. ಒಂದು ವರ್ಷ ತುಂಬಿ ವಾರವಾಗಿತ್ತು. ನಾನು ಜೊತೆಯಲ್ಲೇ ಇದ್ದೆ.

ಮೂರು ಸಲ ಬಂದಿದ್ದಳು ಅವಳು, ಹೊಟ್ಟೆಯಲ್ಲಿ ಇನ್ನೊಂದನ್ನು ಇಟ್ಟುಕೊಂಡು. ಮೂರು ಸಲವೂ ತಣ್ಣಗಿಲ್ಲ ಅಂತ ನಾನೇ ಕಳಿಸಿದೆ. ಸುಮ್ಮನೆ ಹಾಕಿ ಕಳಿಸಿದ್ದರೆ ಅವಳಿಗೆ ಸಮಾಧಾನವಾದರೂ ಆಗುತ್ತಿತ್ತು. ಸುಳ್ಳು ಸೂಜಿ ಹಾಕಲು ನನ್ನ ಕೈ ಏಳಲಿಲ್ಲ. ಅವಳು ನನ್ನನ್ನು ಬೈಯಲಿಲ್ಲ. "ನಿಮ್ ಐಸ್ ಕರಗಿ ಹೋಯ್ತಲ್ಲಮ್ಮ, ನೀವೇನ್ ಮಾಡ್ತೀರ" ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಇನ್ನೂ ಎರಡು ಗುಡಿಸಲಿನಲ್ಲಿ ಮಕ್ಕಳು ಮಲಗಿವೆ. ನೀನು ಇನ್ನು ನನಗೆ ಬರೆಯಬೇಡ.

ಮೆಹರ್ ಬಾನು


ಕಡಬ
10 ಏಪ್ರಿಲ್ 1988

ಮೆಹರ್,

ಬರೆಯಬೇಡ ಅಂದೆ ನೀನು. ಎರಡು ತಿಂಗಳು ತಡೆದೆ. ಇದನ್ನು ಓದದೆ ಒಲೆಗೆ ಹಾಕಿದರೂ ಸರಿ, ಬರೆಯುತ್ತೇನೆ.

ನಿನ್ನ ಕಾಗದ ಬಂದ ದಿನ ನಿನ್ನ ಮೇಲೇ ಕೋಪ ಬಂತು. ರಾತ್ರಿಯಾಗುವ ಹೊತ್ತಿಗೆ ಕೋಪ ನಿನ್ನ ಮೇಲೆ ನಿಲ್ಲಲಿಲ್ಲ. ಅಜ್ಜಿಯ ಮನೆಗೆ ಹೋಗಿ ಗೋಡೆಯ ಮೇಲಿದ್ದ ಹಾರ ಕಿತ್ತು ಒಲೆಗೆ ಹಾಕಿದೆ. ಅಜ್ಜಿ ಯಾಕೆ ಅಂತ ಕೇಳಿದಳು. ಹೇಳಲು ಹೋದರೆ ಅಳು ಬಂತು.

ಹೋದ ವಾರ ದೊಡ್ಡಾಫೀಸಿಗೆ ಹೋದೆ. ಶಿವರಾಮಯ್ಯನವರು ಎದ್ದು ನಿಂತು "ಬನ್ನಿ ಬನ್ನಿ" ಅಂದರು. ಮಾರ್ಕೋನಹಳ್ಳಿಯ ಮಗು ಸತ್ತದ್ದು ಗೊತ್ತಾ ಅಂತ ಕೇಳಿದೆ. "ಅದು ನ್ಯುಮೋನಿಯಾ ಅಂತ ರಿಪೋರ್ಟ್ ಐತಲ್ಲ" ಅಂದರು.

"ದಡಾರದಿಂದ ಬಂದ ನ್ಯುಮೋನಿಯಾ ಸಾರ್. ಲಸಿಕೆ ಇರ್ಲಿಲ್ಲ. ಎಣ್ಣೆ ಇಲ್ದೆ ಫ್ರಿಜ್ ಆರೋಗೈತೆ."

"ನೋಡಿ ಸಿಸ್ಟರ್, ನಿಮ್ಮಲ್ಲಿ ಆಗೋದು ಅಲ್ಲಿ ಯಾಕಾಗಲ್ಲ? ಆಯಮ್ಮನಿಗೆ ಜನರ ಜೊತೆ ಬೆರೆಯೋಕೆ ಬರಲ್ಲ ಅಷ್ಟೇ. ನೀವೇ ಒಂದ್ಸಲ ಹೋಗಿ ಟ್ರೈನಿಂಗ್ ಕೊಡಿ."

ನಿನಗೆ ನಾನು ಟ್ರೈನಿಂಗ್ ಕೊಡಬೇಕಂತೆ! ಡಿಸೆಂಬರಿನಲ್ಲಿ ನಾನೇ ನಿನಗೆ ಬರೆದದ್ದು ಇದೇ ಮಾತು ಅಲ್ಲವಾ? ಅವರ ಬಾಯಲ್ಲಿ ಕೇಳಿದಾಗ ನನಗೆ ನನ್ನ ಮೇಲೇ ಹೇಸಿಗೆಯಾಯಿತು ಮೆಹರೂ. ಟೇಬಲ್ ಗುದ್ದಿ ಕೂಗಾಡಿದೆ. "ಸಾಹೇಬ್ರ ಜೀಪಿನ ಡೀಸೆಲ್‌ಗೆ ಯಾವ ತೊಟ್ಟಿಲಿಂದ ಕಾಸು ಎತ್ತಿದ್ರಿ? ನಿಮ್ಮ ಕಾಫೀಗೆ ಯಾರ ಮಗು ಮುಷ್ಟಿ ಬಿಚ್ಚಿದ್ರಿ?" ಎಲ್ಲರೂ ತಲೆ ಬಗ್ಗಿಸಿ ಕೂತರು. ಅವರು ಮಾತ್ರ ನಗುತ್ತಾ, ಜುಲೈಯಲ್ಲಿ ಫ್ರಿಜ್ ಕೊಟ್ಟ ಹೊರದೇಶದವರು ಬರುತ್ತಾರೆ, ಕಡಬಕ್ಕೇ ಮೊದಲು ಕರೆದುಕೊಂಡು ಬರುತ್ತೇವೆ, ತೊಟ್ಟಿಲು ಶಾಸ್ತ್ರ ಒಂದು ಇಟ್ಟುಕೊಳ್ಳಿ ಅಂದರು. ಜನರೇ ಖರ್ಚು ಹೊರುತ್ತಾರೆ ಅಂತ ತೋರಿಸಿದರೆ ಇನ್ನಷ್ಟು ಫ್ರಿಜ್ ಬರುತ್ತವಂತೆ. ಇನ್ನಷ್ಟು ಬೀರು!

ಕ್ಷಮಿಸು ಅಂತ ಬರೆಯುವುದಿಲ್ಲ. ಆ ಮಗುವಿನ ಹೆಸರು ಏನು ಅಂತ ನೀನು ಬರೆಯಲೇ ಇಲ್ಲ.

ಗಂಗು


ಕಡಬ
25 ಜುಲೈ 1988

ಮೆಹರೂ,

ನೀನು ಉತ್ತರ ಬರೆದಿಲ್ಲ. ಪರವಾಗಿಲ್ಲ. ನಡೆದದ್ದನ್ನು ನಿನಗೆ ಬೇರೆಯವರು ಹೇಳುವ ಮೊದಲು ನಾನು ಹೇಳಬೇಕು.

ಅವರು ಬರುವುದಕ್ಕೆ ಹತ್ತು ದಿನ ಮುಂಚೆ ಊರಿನ ಹೆಂಗಸರನ್ನು ಆಸ್ಪತ್ರೆ ಜಗಲಿಗೆ ಕರೆದೆ. ಮಾರ್ಕೋನಹಳ್ಳಿಯ ಕಥೆ ಪೂರ್ತಿ ಹೇಳಿದೆ, ನನ್ನ ಮೈಕಿನ ಮಾತನ್ನೂ ಬಿಡದೆ. ಇನ್ನು ಮೇಲೆ ಡಬ್ಬ ಇಲ್ಲ, ಉಳಿದದ್ದನ್ನು ವಾಪಸ್ ಕೊಡುತ್ತೇನೆ, ಸರ್ಕಾರ ಎಣ್ಣೆ ಕೊಟ್ಟರೆ ಫ್ರಿಜ್ ಉರಿಯಲಿ, ಇಲ್ಲದಿದ್ದರೆ ಆರಲಿ ಅಂದೆ. ಉಗಿದರು ನನಗೆ! ರಂಗಲಕ್ಷ್ಮಮ್ಮ ಎದ್ದು ನಿಂತು, "ಎಲ್ಲೋ ಯಾರ್ದೋ ಮಗು ಸತ್ತದೆ ಅಂತ ನನ್ ಮೊಮ್ಮಗೂಗೆ ಸೂಜಿ ತಪ್ಪಿಸ್ತೀಯಾ? ನಾವ್ ಕೊಡೋ ಕಾಸು, ನಿನ್ ಅಪ್ಪನ ಮನೇದಾ?" ಅಂದಳು. ಅವಳು ಹೇಳಿದ್ದರಲ್ಲಿ ತಪ್ಪೇನಿದೆ?

ನಿಂಗಮ್ಮಜ್ಜಿ ಎಲೆಯಡಿಕೆ ಉಗಿದು ಬಂದು ಕೇಳಿದಳು. "ನಾವ್ ಕೊಡೋದು ನಿಲ್ಸಿದ್ರೆ ಆ ಕಡೆಯೋರ್ಗೆ ಎಣ್ಣೆ ಬತ್ತದಾ?"

"ಗೊತ್ತಿಲ್ಲಜ್ಜಿ. ನಾವು ಕೊಡ್ತಾ ಇದ್ರೆ ಮಾತ್ರ ಖಂಡಿತ ಬರಲ್ಲ."

ಅಜ್ಜಿ ಹೆಂಗಸರ ನಡುವೆ ಹೋಗಿ ಕೂತು ಮಾತು ತೆಗೆದಳು. ಕೊನೆಗೆ, ಈ ತಿಂಗಳು ಸೂಜಿ ಹಾಕಿಸಬೇಕಾದ ಕೂಸುಗಳನ್ನೆಲ್ಲ ಎತ್ತಿನಗಾಡಿಯಲ್ಲಿ ಕರೆಂಟಿನ ಫ್ರಿಜ್ ಇರುವ ಗುಬ್ಬಿ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಆಮೇಲೆ ಬತ್ತಿ ಆರಿಸುವುದು ಅಂತ ತೀರ್ಮಾನವಾಯಿತು. ರಂಗಲಕ್ಷ್ಮಮ್ಮ ನನ್ನ ಜೊತೆ ಇವತ್ತಿಗೂ ಮಾತಾಡುತ್ತಿಲ್ಲ. ಆದರೆ ಗಾಡಿ ಅವಳದೇ ಬಂತು.

ಮೊನ್ನೆ ಜೀಪುಗಳು ಬಂದವು. ಹೊರದೇಶದ ಒಬ್ಬ ಗಂಡಸು, ಒಬ್ಬಳು ಹೆಂಗಸು, ದೆಹಲಿಯವರು ಇಬ್ಬರು, ದೊಡ್ಡ ಸಾಹೇಬರು, ಶಿವರಾಮಯ್ಯನವರು. ತೊಟ್ಟಿಲಿಗೆ ಹೂವು ಸುತ್ತಿಸಿದ್ದರು. ಸಾಹೇಬರು ಅಜ್ಜಿಯ ಕೈಗೆ ಒಂದು ರೂಪಾಯಿ ಕೊಟ್ಟು ಮಗುವಿನ ಮುಷ್ಟಿಗೆ ಇಡಿ, ಫೋಟೋ ತೆಗೆಯಲಿ ಅಂದರು. ಅಜ್ಜಿ ರೂಪಾಯಿ ನೋಡಿದಳು, ಸಾಹೇಬರನ್ನು ನೋಡಿದಳು.

"ಮಗು ಕೈಗೆ ಇಟ್ಟ ಕಾಸು ಮಗೂದು ಸ್ವಾಮಿ. ಅದ್ನೂ ಕಿತ್ಕೊಳ್ಳೋಕೆ ಸರ್ಕಾರ ಏನು ಬಾಣಂತಿಯಾ? ಹಂಗಿದ್ರೆ ಹೇಳಿ, ಖಾರ ಕುಟ್ಕೊಂಡು ನಾವೇ ಬತ್ತೀವಿ."

ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದು ನಕ್ಕರು. ಸಾಹೇಬರ ಮುಖ ಕಪ್ಪಿಟ್ಟಿತು. ನಾನು ಫ್ರಿಜ್ಜಿನ ಬಾಗಿಲು ತೆಗೆದೆ. ಒಳಗೆ ಏನೂ ಇಲ್ಲ, ಬಿಸಿಗಾಳಿ. ಹೊರದೇಶದ ಹೆಂಗಸು ಕೈ ಒಳಗೆ ಇಟ್ಟು ನೋಡಿ ಏನೋ ಕೇಳಿದಳು. ದೆಹಲಿಯವನು ಇಂಗ್ಲಿಷಿನಲ್ಲಿ ಏನೇನೋ ಹೇಳಿ ನಗಿಸಲು ನೋಡಿದ. ಆಗ ನಮ್ಮ ಗುರುಸಿದ್ದಯ್ಯನವರು ಮುಂದೆ ಬಂದರು. ಪಾಪ, ತಮ್ಮ ವರದಿಯಿಂದ ಏನಾಯಿತು ಅಂತ ತಿಳಿದ ದಿನದಿಂದ ಆ ಮನುಷ್ಯ ನನ್ನ ಮುಖ ನೋಡಲು ಹೆದರುತ್ತಿದ್ದರು. ನಾನು ಕನ್ನಡದಲ್ಲಿ ಹೇಳಿದ್ದನ್ನೆಲ್ಲ ಒಂದೊಂದೇ ಮಾತಾಗಿ ಇಂಗ್ಲಿಷಿಗೆ ಹಾಕಿದರು. ನಿನ್ನ ಫ್ಲಾಸ್ಕು, ಮರಿಯಮ್ಮ ಮೂರು ಸಲ ಬಂದು ಹೋದದ್ದು, ಗಾಡಿ, ಎಲ್ಲ. ಆ ಹೆಂಗಸು ಬರೆದುಕೊಂಡಳು. "ಎಣ್ಣೆಯ ದುಡ್ಡು ನಿಮ್ಮ ಸರ್ಕಾರದ್ದು ಅಂತ ಸಹಿ ಆಗಿದೆಯಲ್ಲ?" ಅಂತ ಸಾಹೇಬರನ್ನು ಕೇಳಿದಳಂತೆ. ಅವರು ಶಿವರಾಮಯ್ಯನವರ ಕಡೆ ತಿರುಗಿದರು.

ಅವಳನ್ನೂ ಸುಮ್ಮನೆ ಬಿಡಲಿಲ್ಲ ನಾನು. ಕಬ್ಬಿಣದ ಪೆಟ್ಟಿಗೆ ಕೊಟ್ಟು ಒಂದು ವರ್ಷಕ್ಕೆ ಕೈ ತೊಳೆದುಕೊಂಡಿರಲ್ಲ, ಮಕ್ಕಳು ಹುಟ್ಟುವುದು ಒಂದೇ ವರ್ಷವಾ ಅಂತ ಕೇಳಿದೆ. ಅದನ್ನೂ ಡಾಕ್ಟರು ಹೇಳಿದರು. ಅದನ್ನು ಮಾತ್ರ ಅವಳು ಬರೆದುಕೊಳ್ಳಲಿಲ್ಲ.

ಸಂಜೆಗೇ ನನಗೆ ಮತ್ತು ಡಾಕ್ಟರಿಗೆ ಮೆಮೋ ಬಂತು. ಸರ್ಕಾರಿ ಆಸ್ತಿಯಾದ ಫ್ರಿಜ್ಜನ್ನು ಬೇಕೆಂದೇ ನಿಲ್ಲಿಸಿದ್ದಕ್ಕೆ, ಮತ್ತು ಸಾರ್ವಜನಿಕರಿಂದ ಅಕ್ರಮವಾಗಿ ಹಣ ಸಂಗ್ರಹಿಸಿದ್ದಕ್ಕೆ. ಗಂಧದ ಹಾರ ಹಾಕಿದ ಅದೇ ಕೈಯಿಂದ! ನಿನ್ನ ಮಾತು ಒಂದು ವರ್ಷ ತಡವಾಗಿ ನಿಜವಾಯಿತು ನೋಡು.

ನನಗೆ ಹೆದರಿಕೆ ಇಲ್ಲ ಅಂದರೆ ಸುಳ್ಳು. ನನ್ನೂರಿನ ಮಕ್ಕಳ ಲಸಿಕೆ ನಾನೇ ನಿಲ್ಲಿಸಿದ್ದೇನೆ. ಇಲ್ಲಿ ಒಂದು ಮಗುವಿಗೆ ಏನಾದರೂ ಆದರೆ ನಾನು ಯಾವ ಮುಖ ಇಟ್ಟುಕೊಂಡು ಇರಲಿ? ಹಾಗೆ ಅಂದುಕೊಂಡಾಗಲೆಲ್ಲ ನೀನು ಆ ಗಾಡಿಯಲ್ಲಿ ಕೂತಿದ್ದು ಕಣ್ಣಿಗೆ ಬರುತ್ತದೆ.

ಗಂಗು


ಮಾರ್ಕೋನಹಳ್ಳಿ
21 ಜನವರಿ 1989

ಗಂಗೂ,

ನಿನ್ನ ಎರಡು ಇನ್‌ಕ್ರಿಮೆಂಟ್ ನಿಲ್ಲಿಸಿ ಪಾವಗಡದ ಆಚೆಗೆ ಎತ್ತಿಹಾಕಿದರು ಅಂತ ಅಮ್ಮ ಹೇಳಿದರು. ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ನೀನು ಟ್ರಂಕಿನ ಮೇಲೆ ಕೂತು ಅಮ್ಮನ ಕೈ ಹಿಡಿದುಕೊಂಡು ಅತ್ತೆಯಂತೆ. ನಾನು ಅಲ್ಲಿಗೆ ಬರಬೇಕಿತ್ತು. ಬರಲಿಲ್ಲ. ಅಷ್ಟು ಬೇಗ ನನ್ನ ಸಿಟ್ಟು ಇಳಿಯುವುದಿಲ್ಲ, ನಿನಗೆ ಗೊತ್ತು. ಇದನ್ನು ಹೊಸ ವಿಳಾಸಕ್ಕೆ ಹಾಕುತ್ತಿದ್ದೇನೆ.

ಆ ಮಗುವಿನ ಹೆಸರು ಏನು ಅಂತ ನೀನು ಕೇಳಿದ್ದೆ. ಗೌರಿ.

ಎಣ್ಣೆ ಬಂತು. ಹೋದ ವಾರ, ಎಲ್ಲ ಕೇಂದ್ರಗಳಿಗೂ. ಕಡಬಕ್ಕೂ ಬಂದಿದೆ, ರಂಗಲಕ್ಷ್ಮಮ್ಮನೇ ಬತ್ತಿ ಹಚ್ಚಿದಳಂತೆ. ಹಳೆಯ ಸುತ್ತೋಲೆಯನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ, ಬರೀ "ತಡೆಹಿಡಿಯಲಾಗಿದೆ" ಅಂತ ಬರೆದಿದ್ದಾರೆ. ಎಣ್ಣೆಯ ದುಡ್ಡು ಮಾರ್ಚ್ ಕೊನೆಯವರೆಗೆ ಮಾತ್ರ. ಆಮೇಲೆ ಏನು ಅಂತ ಕೇಳಿ ಶಿವರಾಮಯ್ಯನವರಿಗೆ ಬರೆದೆ. ಅವರು ಉತ್ತರ ಕೊಟ್ಟಿಲ್ಲ, ನಾನು ವಾರಕ್ಕೊಂದು ಕಾಗದ ಹಾಕುತ್ತಿದ್ದೇನೆ. ನೀನೂ ಅಲ್ಲಿಂದ ಹಾಕು. ನಿನ್ನ ಬೈಗುಳ ನನಗಿಂತ ಚೆನ್ನಾಗಿರುತ್ತದೆ.

ಫ್ರಿಜ್ಜಿನಿಂದ ಸಿದ್ದಯ್ಯನ ಹತ್ತಿ ಬಟ್ಟೆ ಈಚೆಗೆ ತೆಗೆದು ಒರೆಸಿ ಬತ್ತಿ ಹಚ್ಚಿದೆ. ಎರಡು ದಿನಕ್ಕೆ ಐಸ್ ಕಟ್ಟಿತು. ನಿನ್ನೆ ಗುಡಿಸಲಿನವರಿಗೆಲ್ಲ ಹೇಳಿಕಳಿಸಿದೆ.

ಎಲ್ಲರಿಗಿಂತ ಮೊದಲು ಮರಿಯಮ್ಮ ಬಂದಳು. ಏಪ್ರಿಲ್‌ನಲ್ಲಿ ಹೆತ್ತ ಗಂಡುಮಗು, ಒಂಬತ್ತು ತಿಂಗಳು ತುಂಬಿದೆ. ತೋಳು ಬಿಚ್ಚಿ ನನ್ನ ಮುಂದೆ ಹಿಡಿದಳು. ನಾನು ಸೂಜಿಗೆ ಔಷಧಿ ಎಳೆದುಕೊಂಡೆ. ಆಗ ಅವಳು ಮಗುವಿನ ತೋಳನ್ನು ತಟ್ಟನೆ ಹಿಂದಕ್ಕೆ ಎಳೆದುಕೊಂಡಳು.

"ಅಮ್ಮಾ, ಇದು ತಣ್ಣಗೈತಾ?"

ನಾನು ಸೀಸೆಯನ್ನು ಅವಳ ಕೈಯಲ್ಲಿ ಇಟ್ಟೆ. ಅವಳು ಅದನ್ನು ಕೆನ್ನೆಗೆ ಒತ್ತಿ ನೋಡಿದಳು. ಆಮೇಲೆ ತಾನೇ ಮಗುವಿನ ತೋಳು ಮುಂದೆ ಚಾಚಿದಳು. ಮಾರ್ಚಿನ ಮಾತು ನಾನು ಅವಳಿಗೆ ಹೇಳಲಿಲ್ಲ ಗಂಗೂ.

ನಿನ್ನ
ಮೆಹರ್